ವೈನಿ ಬಿಚ್ಚದ ಗಂಟು

ಸಂಶಯಪಡುವವರಿಗೆ ಬದುಕಿನಲ್ಲಿ ಮೋಸವಾಗುವುದು ಕಡಿಮೆ, ತಡವಾಗುವುದು ಹೆಚ್ಚು. ಗಬ್ಬೂರಿಗೆ ಹೋಗಬೇಕಾದಾಗ ನಾನು ಬಸ್ಸಿನ ಬೋರ್ಡನ್ನು ನಂಬದೆ ಕಂಡಕ್ಟರನ್ನು ಕೇಳುತ್ತೇನೆ, ಕಂಡಕ್ಟರನ್ನು ನಂಬದೆ ಕಿಟಕಿಯ ಪಕ್ಕ ಕುಳಿತ ಅಜ್ಜನನ್ನು ಕೇಳುತ್ತೇನೆ. ಅಜ್ಜ ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಅವನನ್ನು ಕರೆದುಕೊಂಡು ಹೋಗಿರುತ್ತದೆ. ಕಾಲೇಜಿನ ಚರ್ಚಾಕೂಟದಲ್ಲಿ ಈ ಗುಣಕ್ಕೆ ಬಹುಮಾನಗಳು ಬಂದವು. ಮನೆಯಲ್ಲಿ ಬರಲಿಲ್ಲ. "ಇವಗ ಸಾರಿಗೆ ಉಪ್ಪ ಹಾಕೀನಿ ಅಂದ್ರ ಸಾಕ್ಷಿ ಕೇಳ್ತಾನ" ಎಂದು ಅವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ನಾನು ಕೇಳಿದ್ದು ಒಂದೇ ಸಲ, ಅಂದು ಸಾರಿನಲ್ಲಿ ಉಪ್ಪು ಇರಲೂ ಇಲ್ಲ. ಅವ್ವ ಆ ಭಾಗವನ್ನು ಬಿಟ್ಟು ಹೇಳುತ್ತಿದ್ದಳು.

ಇಂಥವನು ಕಂಪ್ಯೂಟರ್ ಕೆಲಸಕ್ಕೆ ಇಳಿದ. ಎರಡು ಸಾವಿರದ ಆಚೀಚಿನ ವರ್ಷಗಳು. ಗೋಪನಕೊಪ್ಪದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ಮೊದಲ ಗಿರಾಕಿಯನ್ನು ತಂದುಕೊಟ್ಟವರು ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ. ತಾರಿಹಾಳದಲ್ಲಿ ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆಯ ಆಫೀಸನ್ನು ಅವರು ನೋಡಿಕೊಳ್ಳುತ್ತಿದ್ದರು. ದಾಸ್ತಾನು ತೋರಿಸುವ ಪ್ರೋಗ್ರಾಂ ಬೇಕೆಂದು ಮಾಲಕರು ಅಂದಾಗ ವೈನಿ ನನ್ನ ಹೆಸರು ಹೇಳಿದರು. ನಾನು ಅಲ್ಲಿಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ ಹಾಕಿ, ವೈನಿಗೆ ಒಂದಿಷ್ಟು ಕಮಾಂಡ್ ಕಲಿಸಿ, ಯಾರೂ ಕೇಳದಿದ್ದರೂ ಒಂದು ಭಾಷಣ ಮಾಡಿದೆ. ಹೊರಗಿನಿಂದ ಬಂದ ಯಾವ ಫೈಲನ್ನೂ ನಂಬಬಾರದು, ಓದಿ ಅರ್ಥವಾಗದೆ ಕಂಪ್ಯೂಟರಿನಲ್ಲಿ ಓಡಿಸಬಾರದು, ಕಳಿಸಿದವನ ಹೆಸರು ನೋಡಿ ಮರುಳಾಗಬಾರದು. "ನಾನ ಕಳಿಸಿದ್ರೂ ಅಷ್ಟರಿ ವೈನಿ" ಎಂದು ಮುಗಿಸಿದೆ. ಭಾಷಣದ ಕೊನೆಗೆ ಇಂಥದೊಂದು ಸಾಲು ಇರಬೇಕಾಗುತ್ತದೆ.

ಆಗ ನನಗೆ ಶಾರ್ ಎಂಬ ಕಮಾಂಡಿನ ಮೇಲೆ ವಿಪರೀತ ಪ್ರೀತಿ. ಬೇಕಾದ ಫೈಲುಗಳ ಹೆಸರು ಕೊಟ್ಟು ಒಂದು ಸಾಲು ಟೈಪ್ ಮಾಡಿದರೆ ಅದು ಎಲ್ಲವನ್ನೂ ಒಂದೇ ಗಂಟಾಗಿ ಕಟ್ಟಿಕೊಡುತ್ತದೆ. ವಿಶೇಷವೆಂದರೆ ಆ ಗಂಟು ತಾನೇ ಒಂದು ಸ್ಕ್ರಿಪ್ಟು, ಅಂದರೆ ಕಂಪ್ಯೂಟರು ಸಾಲುಸಾಲಾಗಿ ಪಾಲಿಸುವ ಕಮಾಂಡುಗಳ ಪಟ್ಟಿ. ಬಿಚ್ಚುವ ವಿಧಾನವೂ ಅದರೊಳಗೇ ಬರೆದಿರುತ್ತದೆ. ಓಡಿಸಿದರೆ ಸಾಕು, ಒಳಗಿನ ಫೈಲುಗಳನ್ನೆಲ್ಲ ತಾನೇ ಹೊರಗಿಡುತ್ತದೆ, ಬುತ್ತಿ ತಾನಾಗಿ ಬಿಚ್ಚಿಕೊಂಡು ರೊಟ್ಟಿ, ಪಲ್ಯ, ಚಟ್ನಿಪುಡಿಯನ್ನು ತಟ್ಟೆಗೆ ಬಡಿಸಿದಂತೆ. ಓಡಿಸುವವರು ಮನಸ್ಸು ಮಾಡಬೇಕು ಎಂಬುದೊಂದೇ ಷರತ್ತು.

ಒಂದು ದಿನ ಮಧ್ಯಾಹ್ನ ಪುಣೆಯಿಂದ ದೊಡ್ಡ ಖರೀದಿದಾರರು ಕಾರ್ಖಾನೆಗೆ ಬರುವವರಿದ್ದರು. ಅವರಿಗೆ ದಾಸ್ತಾನನ್ನು ಪರದೆಯ ಮೇಲೆ ತೋರಿಸಿದರೆ ಕೆಲಸ ನನಗೆ ಕಾಯಂ, ಇಲ್ಲವಾದರೆ ಬೇರೆಯವರನ್ನು ನೋಡುತ್ತೇನೆ ಎಂದು ಮಾಲಕರು ಹೇಳಿದ್ದರು. ನಾನೋ ಧಾರವಾಡದಲ್ಲಿ, ಒಂದು ಚರ್ಚಾಸ್ಪರ್ಧೆಗೆ ತೀರ್ಪುಗಾರನಾಗಿ. ಸೈಬರ್ ಕೆಫೆಯಿಂದ ಸಿದ್ಧ ಪ್ರೋಗ್ರಾಮಿನ ಗಂಟನ್ನು ಮೇಲ್ ಮಾಡಿ, ಎಸ್‌ಟಿಡಿ ಬೂತಿಗೆ ಬಂದು ವೈನಿಗೆ ಫೋನ್ ಹಚ್ಚಿದೆ.

"ಬಂತೇನ್ರಿ ವೈನಿ? ಓಡಿಸಿಬಿಡ್ರಿ."

"ಬಂದೈತಿ. ಆದ್ರ ಇದನ್ನ ನೀನ ಕಳಿಸೀದಿ ಅನ್ನೂದಕ್ಕ ಆಧಾರ ಏನು?"

"ನಾನ ಮಾತಾಡಾಕತ್ತೇನಲ್ರಿ. ಧ್ವನಿ ಗೊತ್ತಾಗೂದಿಲ್ಲೇನು?"

"ಧ್ವನಿ ನಿಂದ. ಫೈಲೂ ನಿಂದ ಅಂತ ಧ್ವನಿ ಹೆಂಗ ಹೇಳತೈತಿ? ಹೆಸರ ನೋಡಿ ಮರುಳಾಗಬ್ಯಾಡ್ರಿ ಅಂದಾಂವ ನೀನ."

"ಹಂಗಾದ್ರ ತಗದ ಓದ್ರಿ. ಬರೇ ಅಕ್ಷರ ಅದಾವ, ಮುಚ್ಚಿಟ್ಟದ್ದ ಏನೂ ಇಲ್ಲ."

ವೈನಿ ಓದತೊಡಗಿದರು. ಬೂತಿನ ಮೀಟರು ಓಡತೊಡಗಿತು.

"ಇಲ್ಲೊಂದ ಆರ್‌ಎಂ ಐತಿ. ಆರ್‌ಎಂ ಅಂದ್ರ ಅಳಸೂದು ಅಂತ ನೀನ ಕಲಿಸೀದಿ."

"ಅದು ಬಿಚ್ಚೂವಾಗ ತಾ ಮಾಡಿದ ಕಸಾ ತಾನ ಅಳಸತೈತ್ರಿ. ಅಷ್ಟ."

"ಕೆಡಸಾಕ ಬಂದಾಂವನೂ ಹಿಂಗ ಹೇಳ್ತಾನಲ್ಲೋ."

ಇದೇ ಮಾತನ್ನು ಸ್ಪರ್ಧೆಯಲ್ಲಿ ಆಡಿದ್ದರೆ ಬಹುಮಾನವನ್ನು ಅವರಿಗೇ ಬರೆದುಬಿಡುತ್ತಿದ್ದೆ. ಅದುವರೆಗೆ ತಾವು ಟೈಪ್ ಮಾಡಿಟ್ಟ ದಾಸ್ತಾನಿನ ವಿವರವೆಲ್ಲ ಅಳಿಸಿಹೋದರೆ ಮಾಲಕರ ಮುಂದೆ ನಿಲ್ಲಬೇಕಾದವರೂ ಅವರೇ. "ನೀನ ಬಂದು ನಿನ್ನ ಕೈಲೆ ಮಾಡು. ಸಿಟ್ಟಾಗಬ್ಯಾಡಪಾ" ಎಂದರು.

ಸ್ಪರ್ಧೆ ಬಿಟ್ಟು, ಬಸ್ಸು ಹಿಡಿದು ನಾನು ತಾರಿಹಾಳ ಮುಟ್ಟಿದಾಗ ಪುಣೆಯವರು ಚಹಾ ಕುಡಿದು ಹೋಗಿದ್ದರು. ಮಾಲಕರು ನನಗೂ ಚಹಾ ತರಿಸಿದರು. "ತಮ್ಮಾ, ನಿನ್ನ ಕೆಲಸ ಛಲೋ ಇರಬಹುದು. ಆದ್ರ ಸ್ವಂತ ನಿಮ್ಮ ವೈನಿ ನಂಬಲಿಲ್ಲ ಅಂದ ಮ್ಯಾಲ ನಾ ಹೆಂಗ ನಂಬಲಿ?" ಎಂದರು. ಮುಂದಿನ ವಾರ ಬೇರೊಬ್ಬ ಹುಡುಗ ಬಂದು, ಅಲ್ಲೇ ಕುಳಿತು, ತನ್ನ ಪ್ರೋಗ್ರಾಂ ಹಾಕಿಕೊಟ್ಟ.

ಆ ಗಿರಾಕಿ ಹೋದ ಬೇಸರ ನನಗೆ ಈಗಲೂ ಇದೆ. ವೈನಿಗೂ ಬೇಸರವಾಗಿತ್ತು, ಎಷ್ಟೋ ದಿನ ನನ್ನ ತಟ್ಟೆಗೆ ಕೇಳದೆಯೇ ತುಪ್ಪ ಬೀಳುತ್ತಿತ್ತು. ಅವರದೇ ತಪ್ಪೆಂದು ಸಾಧಿಸಲು ಮನಸ್ಸಿನಲ್ಲೇ ವಾದ ಹೂಡಿದೆ. ಎರಡೂ ಪಕ್ಷದಲ್ಲಿ ನಾನೊಬ್ಬನೇ ನಿಂತರೂ ಗೆದ್ದದ್ದು ವೈನಿಯೇ.

ಮಳೆಗಾಲ ಕಳೆದ ಮೇಲೆ ಒಂದು ಸಂಜೆ ವೈನಿ ಕಾರ್ಖಾನೆಯಿಂದ ಒಂದು ಫ್ಲಾಪಿ ತಂದು ನನ್ನ ಮುಂದಿಟ್ಟರು. ನನ್ನ ಜಾಗಕ್ಕೆ ಬಂದ ಆ ಹುಡುಗ ಇಮೇಲಿನಲ್ಲಿ ಕಳಿಸಿದ ಸುಧಾರಿಸಿದ ಪ್ರೋಗ್ರಾಂ. ಅದೂ ಶಾರ್ ಕಟ್ಟಿದ ಗಂಟೇ. "ಓಡಸ್ಲ್ಯೋ ಬ್ಯಾಡೋ, ನೋಡಿ ಹೇಳು" ಎಂದರು. ಒಂದಾದರೂ ತಪ್ಪು ಸಿಗಲಿ ಎಂದು, ನಂಬದ ದೇವರಿಗೂ ಹರಕೆ ಹೊತ್ತು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದೆ. ಸಿಗಲಿಲ್ಲ. ನನ್ನದರಲ್ಲಿದ್ದ ಆರ್‌ಎಂ ಇದರಲ್ಲೂ ಇತ್ತು, ಅಷ್ಟೇ ನಿರಪರಾಧಿಯಾಗಿ.

"ಓಡಸ್ರಿ ವೈನಿ, ಏನೂ ಆಗೂದಿಲ್ಲ" ಎಂದೆ. ತಡೆಯಲಾರದೆ, "ಇದರಾಗಿನ ಆರ್‌ಎಂ ಬಗ್ಗೆ ಕೇಳೂದಿಲ್ಲೇನ್ರಿ?" ಎಂದೂ ಕೇಳಿದೆ.

"ನೀ ಓದಿ ಹೇಳಿದ ಮ್ಯಾಲ ನಾ ಯಾಕ ಕೇಳ್ಲಿ?" ಎಂದು ವೈನಿ ಫ್ಲಾಪಿಯನ್ನು ಚೀಲಕ್ಕೆ ಹಾಕಿಕೊಂಡರು.

ಅಂದಿನಿಂದ ಅವನು ಕಳಿಸುವ ಪ್ರತಿ ಗಂಟೂ ನಮ್ಮ ಮನೆಗೆ ಬಂದು, ನನ್ನಿಂದ ಒಳ್ಳೆಯ ನಡತೆಯ ಮಾತು ಪಡೆದು, ತಾರಿಹಾಳಕ್ಕೆ ಮರಳತೊಡಗಿತು. ನಾನು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ತನ್ನ ಗಿರಾಕಿಗಳು ಏನು ಕಳಿಸಿದರೂ ಕಣ್ಣು ಮುಚ್ಚಿ ನಂಬುವ ಜನ ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದನಂತೆ.