ಅಲ್ ಕುಸೈಸ್ ಗೋದಾಮಿನಲ್ಲಿ ಶರತ್ಕಾಲ

ನೀಲಪಟ ಕಾರ್ಗೊ ಕಂಪೆನಿಯಲ್ಲಿ ಸೆಪ್ಟೆಂಬರ್ ಹದಿನಾರರ ಬೆಳಿಗ್ಗೆ ಎಂಟು ಗಂಟೆಗೆ ಶರತ್ಕಾಲ ಆರಂಭವಾಯಿತು. ದುಬೈಯ ಅಲ್ ಕುಸೈಸ್‌ನ ಗೋದಾಮಿನಲ್ಲಿ ಆಗ ಮೂವತ್ತೊಂಬತ್ತು ಡಿಗ್ರಿ ಇತ್ತು. ಆದರೆ ಸುತ್ತೋಲೆ ಹೊರಟದ್ದು ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಮೂವತ್ತೊಂದನೇ ಮಹಡಿಯಿಂದ. ಅಲ್ಲಿ ಏಸಿ ಹದಿನೆಂಟರಲ್ಲಿತ್ತು. ಒಂದೇ ಕಂಪೆನಿಗೆ ಎರಡೆರಡು ಋತು ಇಟ್ಟುಕೊಳ್ಳಲು ಬರುವುದಿಲ್ಲ.

ಕಂಪೆನಿಯ ಆರೋಗ್ಯ ವಿಭಾಗಕ್ಕೆ ಮೈಸೂರಿನ ಬಿಂದು ಮೇಡಂ ಮುಖ್ಯಸ್ಥೆ. ಅವರು ಎರಡು ದಿನದ ಆನ್‌ಲೈನ್ ಕೋರ್ಸಿನಲ್ಲಿ ಚೀನೀ ವೈದ್ಯಪದ್ಧತಿಯ ಋತು ಆಹಾರವನ್ನು ಸಂಪೂರ್ಣವಾಗಿ ಕಲಿತಿದ್ದರು. ಶರತ್ಕಾಲ ಶ್ವಾಸಕೋಶದ ಕಾಲ, ಆಗ ಬಿಳಿ ಪದಾರ್ಥ ಒಳ್ಳೆಯದು, ತಣ್ಣನೆಯದು ಒಳ್ಳೆಯದಲ್ಲ. ಚೀನಾದ ಅಜ್ಜಿಯರು ಮೊಮ್ಮಕ್ಕಳ ಕೆಮ್ಮು ನೋಡಿ ನೋಡಿ ತಲೆಮಾರುಗಟ್ಟಲೆ ಕಲಿತದ್ದು ಮೂರು ನಿಯಮಗಳಲ್ಲಿ ಮುಗಿಯಿತು:

"ಒಂದು, ಸಿಬ್ಬಂದಿ ಬಿಳಿ ಆಹಾರವನ್ನು ಮಾತ್ರ ಸೇವಿಸತಕ್ಕದ್ದು. ಎರಡು, ತಣ್ಣೀರು ಕುಡಿಯುವುದು ಶ್ವಾಸಕೋಶಕ್ಕೆ ಎಸಗುವ ದ್ರೋಹವಾಗಿರುವುದರಿಂದ ಗೋದಾಮಿನ ಕೂಲರ್‌ಗೆ ಬೀಗ ಹಾಕತಕ್ಕದ್ದು. ಮೂರು, ಬೀಗದ ಕೀ ಋತುಪಾಲಕರ ವಶದಲ್ಲಿರತಕ್ಕದ್ದು."

ಅಲ್ ರೀಮ್ ಆಫೀಸಿನ ಫ್ರಿಜ್ಜಿಗೆ ಬೀಗ ಬೀಳಲಿಲ್ಲ. ಅದರಲ್ಲಿದ್ದ ತಂಪು ಕಾಫಿಯನ್ನು ಸಭೆಯ ಸಾಮಗ್ರಿ ಎಂದು ವರ್ಗೀಕರಿಸಲಾಗಿತ್ತು.

ಋತುಪಾಲಕನಾದದ್ದು ಗೋದಾಮಿನ ಮೆಸ್ಸಿನ ಅಡುಗೆಯವ ಚನಿಯ. ಹತ್ತೊಂಬತ್ತು ವರ್ಷಗಳಿಂದ ನಲವತ್ತು ಜನರಿಗೆ ಕುಚ್ಚಲಕ್ಕಿ ಗಂಜಿ ಬೇಯಿಸಿದವನ ಕೊರಳಿಗೆ ಈಗ ಹೊಸ ಬ್ಯಾಡ್ಜು, ಸೊಂಟಕ್ಕೆ ಕೀ. ಅವನ ವೀಸಾ ಅಕ್ಟೋಬರಿಗೆ ಮುಗಿಯುವುದಿತ್ತು. ನವೀಕರಣದ ಕಾಗದ ಎಚ್‌ಆರ್ ಮ್ಯಾನೇಜರ್ ಸರ್ವೋತ್ತಮರ ಮೇಜಿನ ಮೇಲಿತ್ತು. ಈ ಎರಡು ಸಂಗತಿಗಳಿಗೆ ಸಂಬಂಧವಿಲ್ಲ ಎಂದು ಸರ್ವೋತ್ತಮರು, ಯಾರೂ ಕೇಳದಿದ್ದರೂ, ಎರಡು ಸಲ ಫೋನು ಮಾಡಿ ಹೇಳಿದ್ದರು.

ಮೊದಲ ದಿನವೇ ಚನಿಯನ ಗಂಜಿ ತಿರಸ್ಕೃತವಾಯಿತು.

"ಇದು ಕೆಂಪು," ಎಂದರು ತಪಾಸಣೆಗೆ ಬಂದಿದ್ದ ಬಿಂದು ಮೇಡಂ. ಬದಲಿಗೆ ಒಂದು ಪೊಟ್ಟಣ ಕೊಟ್ಟರು. ಡೈರೆಕ್ಟರರ ಭಾವಮೈದುನನ ಅಂಗಡಿಯ ಮಾಲು. "ಇದು ಕಾಂಜಿ. ಬಿಸಿನೀರು ಹಾಕಿ ಕಲಸಿದ್ರೆ ಆಯ್ತು."

ಚನಿಯ ಕಲಸಿ, ರುಚಿ ನೋಡಿದ. "ಮೇಡಂ, ಇದು ಗಂಜಿಯೇ ಅಲ್ವಾ? ಉಪ್ಪು ಕಡಿಮೆ ಉಂಟು ಅಷ್ಟೆ."

"ಗಂಜಿ ಬೇರೆ ಚನಿಯ. ಗಂಜಿ ಹಸಿವಿಗೆ ಕುಡಿಯೋದು. ಇದು ವೆಲ್‌ನೆಸ್‌ಗೆ."

ಕುಡಿಯುವ ನೀರಿನ ವಿಷಯದಲ್ಲಿ ಗೋದಾಮು ತಾನಾಗಿಯೇ ನಿಯಮ ಪಾಲಿಸಿತು. ತಾರಸಿಯ ಟ್ಯಾಂಕಿನಿಂದ ನಲ್ಲಿಗೆ ಇಳಿಯುವ ನೀರು ಚಹಾ ಮಾಡುವಷ್ಟು ಬಿಸಿಯಾಗಿತ್ತು. ಅದಕ್ಕೆ ಪೇರ್ ಹಣ್ಣಿನ ಒಂದು ಹೋಳು ಹಾಕಿ ಕೊಡಲಾಯಿತು.

ಮೂರನೇ ದಿನ ಚನಿಯ ಇಂಟರ್‌ನ್ಯಾಷನಲ್ ಸಿಟಿಯ ಚೀನಾ ಬ್ಲಾಕಿಗೆ ಬಸ್ಸು ಹತ್ತಿ ಹೋದ. ಅಲ್ಲಿ ಒಣ ಅಣಬೆ ಮಾರುವ ಒಬ್ಬ ಮುದುಕಿಗೆ ಹರಕು ಹಿಂದಿಯಲ್ಲೂ ಕೈಸನ್ನೆಯಲ್ಲೂ ಎಲ್ಲವನ್ನೂ ವಿವರಿಸಿದ. ಮುದುಕಿ ಬಾಗಿಲ ಹೊರಗಿನ ಬಿಸಿಲನ್ನು ನೋಡಿದಳು, ಚನಿಯನ ಬ್ಯಾಡ್ಜನ್ನು ನೋಡಿದಳು. "ಶರತ್ಕಾಲ ಇಲ್ಲಿ ಮಾಫಿ," ಎಂದು, ಇಲ್ಲವೇ ಇಲ್ಲ ಎನ್ನುವಂತೆ ಕೈಯಾಡಿಸಿದಳು. "ನೀರು ಕೊಡು."

ಇದನ್ನು ಚನಿಯ ಸರ್ವೋತ್ತಮರಿಗೆ ಫೋನಿನಲ್ಲಿ ವರದಿ ಮಾಡಿದ.

"ಆಕೆಗೆ ಸರ್ಟಿಫಿಕೇಟ್ ಉಂಟಾ?"

"ಚೀನಾದವಳು ಸರ್. ಎಪ್ಪತ್ತು ವರ್ಷ ಆಗಿರಬೇಕು."

"ಚೀನಾದವಳಾದ್ರೆ ಸಾಕಾ ಮಾರಾಯ? ಬಿಂದು ಮೇಡಮಿಗೆ ಸರ್ಟಿಫಿಕೇಟ್ ಉಂಟು. ಮತ್ತೆ, ಬಿಸಿಲಿಗೆ ಮಧ್ಯಾಹ್ನದ ಬಿಡುವು ಕೊಡುವ ಕಾನೂನು ಹದಿನೈದಕ್ಕೇ ಮುಗೀತು. ಕಾನೂನೇ ಬೇಸಿಗೆ ಖಲಾಸ್ ಹೇಳಿದ ಮೇಲೆ ನಿನಗೆಂಥ ಸೆಕೆ?"

ಐದನೇ ದಿನ ಮಧ್ಯಾಹ್ನ ಫೋರ್ಕ್‌ಲಿಫ್ಟ್ ಓಡಿಸುವ ಲತೇಶ್ ಗಾಡಿಯಿಂದ ಇಳಿದು, ಕೂಲರಿನ ಕಡೆಗೆ ಹತ್ತು ಹೆಜ್ಜೆ ನಡೆದು, ಅಲ್ಲೇ ಬಿದ್ದ.

ಚನಿಯನ ಕೈ ಸೊಂಟದ ಕೀಗೆ ಹೋಯಿತು. ಅಲ್ಲೇ ನಿಂತಿತು. ಕೀಯ ಪಕ್ಕದ ಜೇಬಿನಲ್ಲಿ ವೀಸಾ ಅರ್ಜಿಯ ನಕಲು ಇತ್ತು. ಅವನು ನಿಯಮದಂತೆ ಪೇರ್ ಹೋಳು ಹಾಕಿದ ಬಿಸಿನೀರು ತಂದು ಲತೇಶನ ಬಾಯಿಗೆ ಹಿಡಿದ. ಲತೇಶ್ ಕಣ್ಣು ತೆರೆದು ಅವನನ್ನು ನೋಡಿದ, ಮುಖ ತಿರುಗಿಸಿದ. ಆಂಬುಲೆನ್ಸ್ ಬಂತು.

ವಿಚಾರಣಾ ವರದಿ ಸಂಜೆಗೇ ಸಿದ್ಧವಾಯಿತು. "ಸದರಿ ನೌಕರನು ಹಿಂದಿನ ವಾರದವರೆಗೂ ಕೆಂಪು ಅಕ್ಕಿ ಸೇವಿಸಿರುವುದು ಕಂಡುಬಂದಿದೆ. ಅಲ್ಲದೆ ಶರತ್ಕಾಲದಲ್ಲಿ ಕೆಲವು ಉದುರುವುದು ಪ್ರಕೃತಿ ನಿಯಮ."

ಚನಿಯ ಆ ವರದಿಯನ್ನು ಓದಿದ. ಬಳಿಕ ಮೂರು ನಿಯಮಗಳನ್ನು ಬೆರಳಿಟ್ಟು ಅಕ್ಷರ ಅಕ್ಷರ ಓದಿದ. ಮತ್ತೆ ಫೋನು ಮಾಡಿದ.

"ಸರ್, ಐಸಿನ ಬಣ್ಣ ಯಾವುದು?"

ಸರ್ವೋತ್ತಮರು ಆಫೀಸಿನ ಫ್ರಿಜ್ಜು ತೆರೆದು ನೋಡಿದರು. "ಬಿಳಿ."

"ಎರಡನೇ ನಿಯಮದಲ್ಲಿ ತಣ್ಣೀರು 'ಕುಡಿಯುವುದು' ಅಂತ ಉಂಟು. ತಿನ್ನುವುದು ಅಂತ ಇಲ್ಲ."

ಮೂವತ್ತೊಂದನೇ ಮಹಡಿಯಲ್ಲಿ ಮೂರು ಗಂಟೆ ಸಭೆ ನಡೆಯಿತು. ತಂಪು ಕಾಫಿ ಎರಡು ಸಲ ಬಂತು. ಮರುದಿನ ತಿದ್ದುಪಡಿ ಹೊರಟಿತು: "ಮಂಜುಗಡ್ಡೆಯು ಬಿಳಿಯದಾಗಿದ್ದು ಘನಾಹಾರವಾಗಿರುವುದರಿಂದ ಅದನ್ನು 'ಶ್ವೇತ ಕಾಂಜಿ' ಎಂದು ಪರಿಗಣಿಸಲಾಗಿದೆ. ಬಟ್ಟಲಿನಲ್ಲಿ, ಚಮಚದಿಂದ ತಿನ್ನತಕ್ಕದ್ದು. ಕರಗಿದ ಭಾಗವು ನೀರಾಗಿರುವುದರಿಂದ ಅದನ್ನು ಋತುಪಾಲಕರು ಚೆಲ್ಲತಕ್ಕದ್ದು."

ಚನಿಯನ ವೀಸಾ ಅದೇ ವಾರ ನವೀಕರಣವಾಯಿತು. ಬಿಂದು ಮೇಡಂ ಶ್ವೇತ ಕಾಂಜಿಯ ಬಗ್ಗೆ ಒಂದು ಉಪನ್ಯಾಸ ಕೊಟ್ಟರು. ಬಟ್ಟಲು, ಚಮಚ ಭಾವಮೈದುನನ ಅಂಗಡಿಯಿಂದಲೇ ಬಂದವು.

ಈಗ ದಿನಾ ಹನ್ನೆರಡಕ್ಕೆ ನಲವತ್ತು ಜನ ಮೆಸ್ಸಿನ ಫ್ರೀಜರಿನ ಐಸು ತುಂಬಿದ ಬಟ್ಟಲು ಹಿಡಿದು ಸಾಲಾಗಿ ಕೂರುತ್ತಾರೆ. ಹಲ್ಲಿನ ಕಟಕಟ ಗೋದಾಮಿನ ತುಂಬ ಕೇಳುತ್ತದೆ. ಆಸ್ಪತ್ರೆಯಿಂದ ಮರಳಿದ ಲತೇಶ್ ಕೊನೆಯಲ್ಲಿ ಕೂರುತ್ತಾನೆ. ಬೀಗ ಹಾಕಿದ ಕೂಲರು ಅವನ ಬೆನ್ನಿಗೇ ಇದೆ.

"ಚನಿಯಣ್ಣ, ತಳದಲ್ಲಿ ಸ್ವಲ್ಪ ಕರಗಿದ್ದುಂಟು. ಅದನ್ನು ಕುಡೀಲಾ?"

"ಅದು ನೀರು ಮಾರಾಯ," ಎಂದು ಚನಿಯ ಬಟ್ಟಲನ್ನು ತೆಗೆದುಕೊಂಡ. "ನಾಳೆಯಿಂದ ಬೇಗ ತಿನ್ನು."

ಲತೇಶ್ ತಲೆಯಾಡಿಸಿದ. ಹೇಳಿದ್ದು ಸರಿಯಾಗಿಯೇ ಇತ್ತು. ಚನಿಯ ತಣ್ಣೀರನ್ನು ಮೋರಿಗೆ ಚೆಲ್ಲಿ, ಚೆಲ್ಲಿದ್ದಕ್ಕೆ ರಿಜಿಸ್ಟರಿನಲ್ಲಿ ಸಹಿ ಹಾಕಿದ.