ಸಾಗವಾನಿ ಭಾಷೆಯಲ್ಲಿ ಕೊಟ್ಟ ಜಾಗ ಮರಳಿ ಪಡೆಯುವ ವಿಚಾರ

ಹಳಿಯಾಳ ಪೇಟೆಯಲ್ಲಿ ನಮ್ಮ ಮನೆತನ ನಾಲ್ಕು ತಲೆಮಾರಿನಿಂದ ಮಾನಸ್ಥರದು. ಮುತ್ತಜ್ಜ ಮಠಕ್ಕೆ ಬಿಟ್ಟುಕೊಟ್ಟ ಜಾಗವನ್ನಾಗಲಿ, ಅಜ್ಜ ಶಾಲೆಗೆ ಕೊಟ್ಟ ಬೆಂಚುಗಳನ್ನಾಗಲಿ ನಮ್ಮಲ್ಲಿ ಯಾರೂ ಮರಳಿ ಕೇಳಿದ್ದಿಲ್ಲ. ನಾನು ಧಾರವಾಡದ ಕಾನ್ವೆಂಟಿನಲ್ಲಿ ಹನ್ನೆರಡು ವರ್ಷ ಕಲಿತವಳು. ಸಾಲಾಗಿ ನಿಲ್ಲುವುದನ್ನೂ ಬಾಯಿ ತೆರೆಯುವ ಮೊದಲು ಅನುಮತಿ ಕೇಳುವುದನ್ನೂ ಅಲ್ಲಿ ಕಲಿಸುತ್ತಿದ್ದರು. ಆದ್ದರಿಂದ ಸಾಗವಾನಿ ಭಾಷಾ ಸಮಿತಿಯ ಅಧ್ಯಕ್ಷತೆ ನನಗೆ ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಸಾಗವಾನಿ ಎಂಬುದು ಕಂಪ್ಯೂಟರಿಗೆ ಕೆಲಸ ಹೇಳಲು ಕನ್ನಡದಲ್ಲಿ ಮಾಡಿದ ಎರಡು ವರ್ಷದ ಭಾಷೆ. ಬರೆದದ್ದನ್ನು ಅದರ ಕಂಪೈಲರ್ ಮೊದಲು ಪೂರ್ತಿ ಓದಿ, ತಪ್ಪು ಹಿಡಿದು, ನಂತರವೇ ಯಂತ್ರಕ್ಕೆ ತಿಳಿಯುವಂತೆ ಮಾಡಿಕೊಡುತ್ತದೆ. ಕಟ್ಟಿದವಳು ಜೊಯಿಡಾ ಕಡೆಯ ಸೆಲಿನ್ ಸಿದ್ದಿ. ಬುದ್ಧಿವಂತೆ, ಮಾತು ಮಾತ್ರ ನೇರ.

ಈ ಭಾಷೆಯಲ್ಲಿ ಬರೆದ ಮೊದಲ ಪ್ರೋಗ್ರಾಂ ಮೌಳಂಗಿಯಲ್ಲಿ ಹೊಳೆಯ ಕೆಳಗಿನ ದಂಡೆಯ ಸೈರನ್‌ನದು. ಮೇಲಿನಿಂದ ನೀರು ಏರಿ ಬರುವುದು ಕಂಡರೆ ಅದು ಕೂಗುತ್ತದೆ. ಹೊಳೆ ದಾಟುವವರು, ಬಟ್ಟೆ ಒಗೆಯುವವರು ಮೇಲೇರುತ್ತಾರೆ. ಸೆಲಿನ್‌ಳ ತಾಯಿ ಮಾರ್ಗರೀಟಾ ಅಲ್ಲಿ ದಿನಾ ದಾಟುವವಳು.

ಸೈರನ್ ಆರು ದಿನಕ್ಕೊಮ್ಮೆ ಬಂದ್ ಬೀಳತೊಡಗಿತು. ಸೆಲಿನ್ ಸಭೆಗೆ ಬಂದಳು.

"ಅಕ್ಕಾರ, ನೀರು ಅಳದಾಗೊಮ್ಮೆ ಪ್ರೋಗ್ರಾಂ ಮಷೀನಿನ ಮೆಮರಿಯೊಳಗ ಒಂದಿಷ್ಟು ಜಾಗಾ ತಗೋತೈತಿ. ಕೆಲಸ ಮುಗದ ಮ್ಯಾಲೂ ನಮ್ಮ ಭಾಷಾ ಅದನ್ನ ವಾಪಸ್ ತಗೊಳ್ಳಂಗಿಲ್ಲ. ಜಾಗಾ ತುಂಬಿದ ಕೂಡ್ಲೆ ಎಲ್ಲಾ ಬಂದ್. ಮೊದಲ ಇದನ್ನ ಮಾಡೂಣ್ರಿ."

"ಕೊಟ್ಟಿದ್ದನ್ನ ವಾಪಸ್ ಕೇಳೂದು ಯಾರ ಮನೀ ಪದ್ಧತಿ?" ಎಂದೆ.

"ಇದು ಮನೀ ಅಲ್ರಿ, ಮಷೀನು."

"ಮಷೀನಿಗೂ ಮಾನ ಅನ್ನೂದು ಒಂದು ಇರ್ತೈತೆವ್ವಾ," ಎಂದು ಕಾರ್ಯದರ್ಶಿ ಅಂದಾನೆಪ್ಪನವರು ತಿಳಿಹೇಳಿದರು.

ಸಭೆ ಹೀಗೆ ಠರಾಯಿಸಿತು: ಹಂಚಿಕೆಯಾದ ಜಾಗವನ್ನು ಮರಳಿ ಪಡೆಯುವ ಮೊದಲು ಅಲ್ಲಿರುವ ಅಳತೆಯ ಅಂಕಿಗೆ ಹದಿನೈದು ದಿನಗಳ ನೋಟಿಸು ಕೊಡತಕ್ಕದ್ದು, ಅಂಕಿಯಿಂದ ಉತ್ತರ ಬಾರದಿದ್ದಲ್ಲಿ ಒಪ್ಪಿಗೆಯಿಲ್ಲವೆಂದು ಭಾವಿಸತಕ್ಕದ್ದು. ಸೆಲಿನ್‌ಳ ಬೇಡಿಕೆಯನ್ನು ಆದ್ಯತಾ ಪಟ್ಟಿಯ ಹದಿನೇಳನೆಯ ಸ್ಥಾನದಲ್ಲಿ ಸೇರಿಸಲಾಯಿತು.

ಮೊದಲನೆಯದು ಕಂಪೈಲರ್‌ನ ನಡವಳಿಕೆ. ಅದು ಈವರೆಗೆ "ಹದಿನಾಲ್ಕನೇ ಸಾಲು ತಪ್ಪು" ಎಂದು ಒರಟಾಗಿ ಹೇಳುತ್ತಿತ್ತು. ಈಗ "ಮಾನ್ಯರೇ, ತಮ್ಮ ಹದಿನಾಲ್ಕನೇ ಸಾಲಿನ ಕುರಿತು ವಿನಯಪೂರ್ವಕ ಅರಿಕೆ ಏನೆಂದರೆ" ಎಂದು ಶುರುಮಾಡುತ್ತದೆ. ಎರಡನೆಯದು ವಂದನಾರ್ಪಣೆ. ಅಳತೆ ಕೊಡುವ ಸಾಧನಕ್ಕೆ ಪ್ರತಿ ಅಳತೆಯ ನಂತರ ಪ್ರೋಗ್ರಾಂ ಹನ್ನೆರಡು ಸಾಲಿನ ವಂದನೆ ಸಲ್ಲಿಸಬೇಕು. ವಂದನೆಗೂ ಜಾಗ ಬೇಕಲ್ಲ. ಸೈರನ್ ಆರು ದಿನಕ್ಕೆ ನಿಲ್ಲುತ್ತಿದ್ದದ್ದು ಆರು ತಾಸಿಗೆ ನಿಲ್ಲತೊಡಗಿತು. ನಿಂತಾಗಲೆಲ್ಲ ಅಂದಾನೆಪ್ಪನವರು ಹೋಗಿ ಮತ್ತೆ ಶುರುಮಾಡುವ ಗುಂಡಿ ಒತ್ತಿ ರಿಜಿಸ್ಟರಿನಲ್ಲಿ ಬರೆದು ಬರುತ್ತಿದ್ದರು.

ಒಂದು ಮಂಗಳವಾರ ಅವರು ಹೋಗುವುದು ತಡವಾಯಿತು. ಅಷ್ಟರಲ್ಲಿ ನೀರು ಬಂತು. ಮಾರ್ಗರೀಟಾ ಮತ್ತು ಇನ್ನಿಬ್ಬರು ಹೆಂಗಸರು ನಾಲ್ಕು ತಾಸು ನಡುಹೊಳೆಯ ಬಂಡೆಯ ಮೇಲೆ ಕುಳಿತಿದ್ದರು. ಸಮಿತಿ ಮರುದಿನವೇ ಸ್ಥಳಕ್ಕೆ ಹೋಗಿ ಅವರಿಗೆ ಶಾಲು ಹೊದಿಸಿತು.

"ಶಾಲ್ ಬ್ಯಾಡ್ರಿ, ಅದು ಕೂಗಿದ್ರ ಸಾಕು," ಎಂದಳು ಮಾರ್ಗರೀಟಾ. ಆದರೂ ಶಾಲು ಇಟ್ಟುಕೊಂಡಳು.

ಅದಾಗಿ ಹನ್ನೊಂದು ದಿನ ಸೈರನ್ ನಿಲ್ಲಲೇ ಇಲ್ಲ. ಅಂದಾನೆಪ್ಪನವರು ರಿಜಿಸ್ಟರ್ ಹಿಡಿದುಕೊಂಡು ಗಾಬರಿಯಿಂದ ಬಂದರು. "ಬರ್ಯಾಕ ಏನೂ ಇಲ್ರಿ ಅಕ್ಕಾರ. ಎಲ್ಲೋ ಏನೋ ಕೆಟ್ಟೈತಿ."

ವಿಚಾರಿಸಿದಾಗ ತಿಳಿಯಿತು: ಬಳಸಿ ಬಿಟ್ಟ ಜಾಗವನ್ನು ಹೇಳದೆ ಕೇಳದೆ ಮರಳಿ ಪಡೆಯುವಂತೆ ಸೆಲಿನ್ ಭಾಷೆಯನ್ನು ತಿದ್ದಿ, ಆ ಪ್ರತಿಯನ್ನು ದಂಡೆಯ ಯಂತ್ರಕ್ಕೆ ಹಾಕಿದ್ದಳು.

"ಯಾರ ಪರವಾನಗಿ ತಗೊಂಡಿ?"

"ನಮ್ಮವ್ವ ನೀರಾಗ ಇಳಿಯೂ ಮುಂದ ಯಾರನ್ನ ಕೇಳ್ಲಿರಿ ಅಕ್ಕಾರ?"

ಇದು ಪ್ರಶ್ನೆಗೆ ಉತ್ತರವಲ್ಲವೆಂದು ನಡಾವಳಿಯಲ್ಲಿ ದಾಖಲಿಸಿ, ಅಧಿಕೃತ ಪ್ರತಿಯನ್ನು ಮರುಸ್ಥಾಪಿಸಲಾಯಿತು. ಮೀನು ಹಿಡಿಯುವ ಪೆದ್ರುವನ್ನು ದಂಡೆಯ ಮೇಲೆ ನೇಮಿಸಿದೆವು. ಸೈರನ್ ನಿಂತಾಗ ಅವನು ಗುಂಡಿ ಒತ್ತುತ್ತಾನೆ. ಅದು ಮತ್ತೆ ಶುರುವಾಗುವವರೆಗೆ ತನ್ನ ಮನೆಯ ದಮಾಮಿ ಡೋಲು ಮುಂದಿಟ್ಟುಕೊಂಡು ನೀರು ನೋಡುತ್ತಾನೆ, ಏರಿದರೆ ಬಾರಿಸುತ್ತಾನೆ. ಹೆಂಗಸರು ಈಗ ಸೈರನ್ ಕಡೆ ಕಿವಿಗೊಡುವುದನ್ನೇ ಬಿಟ್ಟಿದ್ದಾರೆ; ಪೆದ್ರು ಊಟಕ್ಕೆ ಹೋದಾಗ ಹೊಳೆಗೆ ಇಳಿಯುವುದಿಲ್ಲ. ಕೈಪಿಡಿಯ ಹೊಸ ಆವೃತ್ತಿಯಲ್ಲಿ ಪೆದ್ರುವನ್ನು ಭಾಷೆಯ ಒಂದು ಅಂಗವೆಂದು ಸೇರಿಸಲಾಗಿದೆ. ಸಾಗವಾನಿ ಸ್ಥಿರವಾಗಿದೆ ಎಂದು ಸಮಿತಿ ಪ್ರಮಾಣಪತ್ರ ಕೊಟ್ಟಿದೆ. ಮುಂಡಗೋಡದವರೂ ತಮ್ಮ ಕೆರೆಯ ಕೋಡಿಗೆ ಇದೇ ಭಾಷೆ, ಒಬ್ಬ ಪೆದ್ರು ಸಹಿತ ಬೇಕೆಂದು ಬರೆದಿದ್ದಾರೆ.

ಉಳಿದದ್ದು ಒಂದೇ. ಸೈರನ್ ಹನ್ನೊಂದು ದಿನ ಅನುಮತಿಯಿಲ್ಲದೆ ಸರಿಯಾಗಿ ಕೆಲಸ ಮಾಡಿದೆ. ಇದಕ್ಕಾಗಿ ಸೆಲಿನ್ ಸಿದ್ದಿ ನನ್ನಲ್ಲಿ ಲಿಖಿತವಾಗಿ ಕ್ಷಮೆ ಕೇಳಬೇಕು.