ಬತ್ತಿ ಹೊಸೆಯುವ ಕೈ ನಿಂತ ಪುಟ

ನಮ್ಮ ಪಕ್ಕದ ಫ್ಲ್ಯಾಟಿನ ಜರ್ಮನ್ ಮಹಾಶಯರು ತಾವೇ ಪರೀಕ್ಷೆ ಮಾಡದೆ ಯಾವುದನ್ನೂ ನಂಬುತ್ತಿರಲಿಲ್ಲ. ಭೂಮಿ ದುಂಡಗಿದೆಯೋ ಇಲ್ಲವೋ ನೋಡಿಬಿಡೋಣವೆಂದೇ ಅವರು ಜರ್ಮನಿ ಬಿಟ್ಟು ಸಿಡ್ನಿಗೆ ಬಂದದ್ದೆಂದು ನನ್ನ ಅನುಮಾನ!

ಎಂಬತ್ತರ ದಶಕದ ಕೊನೆ. ವೆಸ್ಟ್‌ಮೀಡ್ ಸ್ಟೇಷನ್ ಹತ್ತಿರದ ಬಾಡಿಗೆ ಫ್ಲ್ಯಾಟು. ನಾನು, ಹೆಂಡತಿ, ಕೂಸು. ಜೊತೆಗೆ ಬಾಣಂತನಕ್ಕೆಂದು ಮೈಸೂರಿನಿಂದ ಬಂದು, ಇಲ್ಲೇ ನೆಲೆಸುವ ಪಿಆರ್ ಪರವಾನಗಿ ಪಡೆದು, ಬಾಲ್ಕನಿಯಲ್ಲಿ ಖಾಯಂ ಆದ ನಮ್ಮಮ್ಮ. ಗೋಡೆಯಾಚೆ ಈ ಮಹಾಶಯರು. ಹೊಟ್ಟೆಪಾಡಿಗೆ ಜರ್ಮನ್ ಪತ್ರಿಕೆಗಳಿಗೆ ವಿಜ್ಞಾನ ಲೇಖನ, ಪ್ರಾಣಕ್ಕೆ ಒಂದು ಕಾದಂಬರಿ. ಲೇಖನಗಳು ಫ್ಯಾಕ್ಸ್‌ನಲ್ಲಿ ಹೋದ ವೇಗದಲ್ಲೇ ಅಚ್ಚಾಗುತ್ತಿದ್ದವು. ಕಾದಂಬರಿ ಮಾತ್ರ ಹೋದ ದಾರಿಯಲ್ಲೇ ವಾಪಸ್ ಬರುತ್ತಿತ್ತು. "ವರದಿ ಓದಿದ ಹಾಗಿದೆ" ಎಂದು ಪ್ರಕಾಶಕರ ಷರಾ.

ಒಂದು ಬೆಳಿಗ್ಗೆ ನಮ್ಮ ಬಚ್ಚಲಿನಿಂದ ಹೆಂಡತಿ ಕಿರುಚಿದಳು. ಓಡಿ ನೋಡಿದರೆ ಟಬ್ ತುಂಬ ಕೆಂಪು ನೀರು! ಪಕ್ಕದಲ್ಲಿ ಮಂಡಿಯೂರಿ ಮಹಾಶಯರು, ಕೈಯಲ್ಲಿ ನಮ್ಮ ಕುಂಕುಮದ ಡಬ್ಬಿ. ಅವರ ಫ್ಲ್ಯಾಟಿನಲ್ಲಿ ಟಬ್ ಇರಲಿಲ್ಲ, ನೋಡಿ.

"ಗಾಬರಿ ಬೇಡ ಮೇಡಂ. ಭೂಮಿಯ ಈ ಅರ್ಧದಲ್ಲಿ ನೀರು ಯಾವ ಕಡೆ ಸುತ್ತಿ ಇಳಿಯುತ್ತೆ ಅಂತ ನೋಡ್ತಿದ್ದೇನೆ" ಎಂದರು ಇಂಗ್ಲಿಷಿನಲ್ಲಿ.

"ಯಾವ ಕಡೆ ಅಂತೆ?" ಅವಳ ದನಿಯಲ್ಲಿ ಕೊಲೆಯಿತ್ತು.

"ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ. ಪಾಪ, ನೀರು ಭೂಗೋಳ ಓದಿಲ್ಲ."

ಅದು ಕುಂಕುಮವಲ್ಲ, ರಂಗೋಲಿಯ ಬಣ್ಣ ಎಂದು ಹೆಂಡತಿ ಇವತ್ತಿಗೂ ವಾದಿಸುತ್ತಾಳೆ. ಇರಬಹುದು. ನನ್ನ ನೆನಪಿನ ಟಬ್ ಮಾತ್ರ ಇನ್ನೂ ಕೆಂಪಗಿದೆ. ಅದನ್ನು ತೊಳೆಯುವವರು ಯಾರು?

ಸೆಪ್ಟೆಂಬರಿನಲ್ಲಿ ಮ್ಯಾಗ್‌ಪೈ ಹಕ್ಕಿಗಳು ಗೂಡು ಕಟ್ಟಿ, ಹೋಗಿಬರುವವರ ತಲೆ ಕುಕ್ಕುವ ಕಾಲ. ಹಕ್ಕಿಗೆ ಸಿಟ್ಟು ಮನುಷ್ಯನ ಮೇಲೋ ಅವನ ಟೋಪಿಯ ಮೇಲೋ? ಮಹಾಶಯರು ನನ್ನ ಮಂಕಿ ಕ್ಯಾಪ್ ಎರವಲು ಪಡೆದು ವಾರವಿಡೀ ಗೂಡಿನ ಕೆಳಗೆ ಓಡಾಡಿದರು. ಬಳಿಕ ಒಗೆದು, ಇಸ್ತ್ರಿ ಮಾಡಿ ಹಿಂದಿರುಗಿಸಿದರು. ಇಸ್ತ್ರಿ ಕಂಡಾಗಲಾದರೂ ನನಗೆ ಅನುಮಾನ ಬರಬೇಡವೆ? ಮರುದಿನ ಅದನ್ನು ಹಾಕಿಕೊಂಡು ಸ್ಟೇಷನ್ನಿಗೆ ಹೊರಟೆ. ಹಕ್ಕಿ ನನ್ನನ್ನು ಪ್ಲಾಟ್‌ಫಾರ್ಮಿನವರೆಗೂ ಅಟ್ಟಿತು! ಹಿಂದಿನಿಂದ ಮಹಾಶಯರ ಚಪ್ಪಾಳೆ, ಕ್ಯಾಮರಾದ ಕ್ಲಿಕ್. ನಾನು ಜರ್ಮನಿಯಲ್ಲಿ ಪ್ರಸಿದ್ಧನಾದದ್ದು ಹೀಗೆ.

ಇಂಥವರಿಗೆ ಬುದ್ಧಿ ಹೇಳುವ ಧೈರ್ಯವಿದ್ದದ್ದು ಅಮ್ಮನೊಬ್ಬಳಿಗೇ, ಅದೂ ಕನ್ನಡದಲ್ಲಿ. ಬಾಲ್ಕನಿಗಳ ನಡುವೆ ಮೊಣಕೈ ಎತ್ತರದ ಗೋಡೆ. ಈಚೆ ಕೂತು ದೇವರ ದೀಪಕ್ಕೆ ಹತ್ತಿಯ ಬತ್ತಿ ಹೊಸೆಯುತ್ತಾ ದಿನಾ ಕೇಳುವಳು: "ಏನಪ್ಪಾ, ಊಟ ಆಯ್ತಾ?"

"ಆಯ್ತು, ಅಮ್ಮಾ." ಅವರು ಕಲಿತಿದ್ದ ಕನ್ನಡ ಅಷ್ಟೇ.

"ಸುಳ್ಳು. ಮುಖ ನೋಡು, ಒಣಗಿದ ಹಾಗಲಕಾಯಿ ಥರ!"

ಹೀಗಿರಲು ಒಂದು ದಿನ ಅವರು ಕಾದಂಬರಿಯ ಹಾಳೆಗಳನ್ನು ತಂದು ಅಮ್ಮನಿಗೆ ಗಟ್ಟಿಯಾಗಿ ಓದತೊಡಗಿದರು. ಜರ್ಮನ್‌ನಲ್ಲಿ! ಅಮ್ಮ ತಲೆದೂಗುತ್ತಾ ಕೇಳಿದಳು. ಆಮೇಲೆ ಅದೇ ದಿನಚರಿಯಾಯಿತು.

"ಅಮ್ಮ, ನಿಂಗೇನು ಅರ್ಥ ಆಗುತ್ತೆ?" ಎಂದೆ.

"ಮದುವೇಲಿ ಪುರೋಹಿತರು ಹೇಳಿದ್ದು ನಿಂಗೆ ಅರ್ಥ ಆಗಿತ್ತಾ? ಆದ್ರೂ ಹೂಂ ಅಂದೆಯಲ್ಲ!"

ನಾನು ಹೆಂಡತಿಯ ಮುಖ ನೋಡಲಿಲ್ಲ.

ಮಹಾಶಯರು ನೋಡುತ್ತಿದ್ದುದು ಅಮ್ಮನ ಕೈಯನ್ನು. ಬತ್ತಿ ಹೊಸೆಯುವ ಕೈ ನಿಂತರೆ ಆ ಪುಟ ಉಳಿಯಿತು. ಕೈ ನಡೆಯುತ್ತಲೇ ಇದ್ದರೆ ಕತ್ತರಿ! ವಿಜ್ಞಾನಿಯ ಬುದ್ಧಿ ಬಿಡುತ್ತದೆಯೆ? ಒಂದು ದಿನ ವಾಷಿಂಗ್ ಮೆಷಿನ್ನಿನ ಕೈಪಿಡಿಯನ್ನು ಕಾದಂಬರಿ ಓದುವ ಗದ್ಗದ ಕಂಠದಲ್ಲೇ ಓದಿದರು. ಅಮ್ಮನ ಕೈ ನಿಲ್ಲಲೇ ಇಲ್ಲ. "ಇವತ್ತು ಇವನಿಗೆ ಮನಸ್ಸಿಲ್ಲ ಕಣೋ" ಎಂದಳು. ಅನುವಾದಿಸಿ ಹೇಳಿದೆ. ಅವರು ಎದ್ದು ನಿಂತು ತಲೆಬಾಗಿದರು.

ಆ ಹೊತ್ತಿಗೆ ಜರ್ಮನಿಯ ಪ್ರಕಾಶಕರೊಬ್ಬರು ಕೊನೆಗೂ ಒಪ್ಪಿದ್ದರು, ಒಂದು ಷರತ್ತಿನ ಮೇಲೆ. ಕಾದಂಬರಿ ಒಬ್ಬ ಭೌತವಿಜ್ಞಾನಿಯ ಕತೆ. ನಡುವೆ ಸುಮ್ಮನೆ ಅವನ ತಾಯಿ ಬಂದು ಹೋಗುವ ಪುಟವೊಂದಿತ್ತು. ಅದನ್ನು ತೆಗೆಯಬೇಕು. ಇಷ್ಟು ವರ್ಷ ಕಾದ ಮನುಷ್ಯ, ಒಪ್ಪಿದ್ದರೆ ಪುಸ್ತಕ ಬಂದೇಬಿಡುತ್ತಿತ್ತು! ಅವರು ಬಾಲ್ಕನಿಗೆ ಬಂದು ಆ ಪುಟವನ್ನು ಮತ್ತೆ ಓದಿದರು. ಅಮ್ಮನ ಕೈ ನಿಂತಿತು. ಮರುದಿನ ಓದಿದರು. ನಿಂತಿತು. ನೆಗಡಿಯಿಂದ ಮೂಗು ಕಟ್ಟಿದ ದನಿಯಲ್ಲಿ ಓದಿದರು. ಆಗಲೂ ನಿಂತಿತು.

"ಆಗುವುದಿಲ್ಲ" ಎಂದು ಪ್ರಕಾಶಕರಿಗೆ ಫ್ಯಾಕ್ಸ್ ಹೋಯಿತು.

"ಹುಚ್ಚೇ ನಿಮಗೆ?" ಎಂದೆ.

"ಪರೀಕ್ಷೆಯ ಫಲಿತಾಂಶವನ್ನು ತಿದ್ದಬಾರದು" ಎಂದರು.

ತೊಂಬತ್ತರ ದಶಕ ಬಂತು, ಇನ್ನೊಬ್ಬ ಪ್ರಕಾಶಕರೂ ಬಂದರು. ಆ ಪುಟಕ್ಕಾಗಿಯೇ ಪುಸ್ತಕ ತೆಗೆದುಕೊಂಡೆವು ಎಂದು ಬರೆದರಂತೆ! ಮೆಲ್ಬರ್ನ್‌ನಲ್ಲಿ ಅಲ್ಲಿನ ಜರ್ಮನ್ನರು ಬಿಡುಗಡೆ ಸಮಾರಂಭ ಇಟ್ಟರು. ಸಂಜೆ ನಾಲ್ಕಕ್ಕೇ ಸಭಾಂಗಣ ಭರ್ತಿ, ಗೋಡೆಗೊರಗಿಯೂ ಜನ. ಮೊದಲ ಸಾಲಿನ ನಡುವಿನ ಕುರ್ಚಿ, ಲೇಖಕರ ಹಟದ ಮೇರೆಗೆ, ರೇಷ್ಮೆ ಸೀರೆಯ ಮೇಲೆ ಸ್ವೆಟರ್ ತೊಟ್ಟ ನಮ್ಮಮ್ಮನಿಗೆ.

ಅವರು ಆ ಪುಟವನ್ನೇ ಓದಿದರು. ಅರ್ಧದಲ್ಲಿ, ತಾಯಿಯ ಮಾತು ಬರುವಲ್ಲಿ, ಓದು ನಿಂತಿತು. ನೀರು ಕುಡಿದರು. ಮತ್ತೆ ಓದತೊಡಗಿ ಅಲ್ಲೇ ನಿಂತರು. ಆಗ ಮುಂದಿನ ಸಾಲಿನಿಂದ, ಅಪ್ಪಟ ಮೈಸೂರಿನ ರಾಗದಲ್ಲಿ ಜರ್ಮನ್ ಎದ್ದಿತು:

"ಕೊಮ್ ಹೈಮ್, ದಾಸ್ ಬ್ರೋಟ್ ಇಸ್ಟ್ ವಾರ್ಮ್."

ಚಪ್ಪಾಳೆ ಎಂದರೆ ಚಪ್ಪಾಳೆ! ಜನ ಎದ್ದು ನಿಂತರು. ಅಮ್ಮ ಹೇಳಿದ್ದು ಮೊದಲೆರಡು ಪದ ಮಾತ್ರ, ಮಿಕ್ಕದ್ದು ನನ್ನ ಸೇರ್ಪಡೆ ಎನ್ನುತ್ತಾಳೆ ಹೆಂಡತಿ. ಇರಲಿ, ಎರಡೇ ಪದ. ಜನ ನಿಂತದ್ದಂತೂ ಸುಳ್ಳಲ್ಲ.

"ಅಮ್ಮ, ನೀನು ಹೇಳಿದ್ದೇನು ಅಂತ ಗೊತ್ತಾ?" ಕಿವಿಯಲ್ಲಿ ಕೇಳಿದೆ.

"ಗೊತ್ತಿಲ್ದೆ ಏನು? ಅವರಮ್ಮ ಊಟಕ್ಕೆ ಕರೀತಿದ್ದಾಳೆ. ಆ ರಾಗ ನಂಗೆ ಗೊತ್ತಿಲ್ವಾ?"

'ಮನೆಗೆ ಬಾ, ಬ್ರೆಡ್ಡು ಬಿಸಿಯಾಗಿದೆ.' ಅವರೇ ಒಮ್ಮೆ ನನಗೆ ಅರ್ಥ ಹೇಳಿದ್ದರು. ಅಮ್ಮನಿಗೆ ನಾನದನ್ನು ಯಾವತ್ತೂ ಹೇಳಿರಲಿಲ್ಲ.

ಹೂಗುಚ್ಛ ಹಿಡಿದವರನ್ನು, ಕೈಕುಲುಕಲು ಬಂದವರನ್ನು ದಾಟಿಕೊಂಡು ಮಹಾಶಯರು ವೇದಿಕೆಯಿಂದಿಳಿದು ಬಂದರು. ಅಮ್ಮ ಅವರ ಮುಖ ನೋಡಿ ಎಂದಿನಂತೆ ಕೇಳಿದಳು:

"ಏನಪ್ಪಾ, ಊಟ ಆಯ್ತಾ?"

"ಇಲ್ಲ, ಅಮ್ಮಾ" ಎಂದರು.

ಅಷ್ಟು ವರ್ಷಗಳಲ್ಲಿ ಮೊದಲ ಸಲ. ಅಮ್ಮ ಚೀಲದಿಂದ ಪುಳಿಯೋಗರೆಯ ಡಬ್ಬಿ ತೆಗೆದಳು.